ಹಲ್ಲಿನೊಳಗಿನ ನೇಕಾರ್ತಿ

ದರ್ಜಿ ಸಿದ್ರಾಮಪ್ಪನಿಗೆ ದಾರವನ್ನು ಕತ್ತರಿಯಿಂದ ಕತ್ತರಿಸಿ ಗೊತ್ತಿಲ್ಲ. ಮುಂದಿನ ಹಲ್ಲಿನಿಂದಲೇ ಕಡಿಯುತ್ತಿದ್ದ. ಇದರಿಂದ ಆ ಹಲ್ಲಿನ ಹೊರಕವಚಕ್ಕೆ ಸೊಕ್ಕು ತಲೆಗೇರಿತ್ತು. ಒಳಗೆ ಮೆತ್ತನೆಯ ತಿರುಳಿನಲ್ಲಿ ಕುಳಿತು ಎಳೆ ನೇಯುತ್ತಿದ್ದ ನಾರುಕೋಶವೆಂಬ ಪುಟ್ಟ ಜೀವವನ್ನು ಅದು ಹಂಗಿಸಿತು: "ನಾನು ದಾರ ಕಡಿಯುವ ಶೂರ. ನೀನೋ, ನಿನ್ನೆ ನೇಯ್ದದ್ದನ್ನು ಇಂದು ನೀನೇ ಬಿಚ್ಚಿ ಮತ್ತೆ ನೇಯುತ್ತೀಯೆ. ಇದೂ ಒಂದು ಕೆಲಸವೇ?"

"ಹಳೆಯ ಎಳೆ ಜಾಳಾಗುತ್ತದೆ ಅಣ್ಣಾ, ಬಿಚ್ಚಲೇಬೇಕು," ಎಂದಿತು ನಾರುಕೋಶ.

ದಾರ ಉಜ್ಜಿ ಉಜ್ಜಿ ಕೊನೆಗೆ ಕವಚದಲ್ಲಿ ಕಚ್ಚು ಬಿತ್ತು. ತಣ್ಣೀರು ತಾಗಿದರೆ ತಿರುಳು ಚುಳ್ಳೆನ್ನತೊಡಗಿತು. ತನ್ನ ಗಾಯ ತಾನೇ ತುಂಬಿಕೊಳ್ಳಲು ಕವಚಕ್ಕೆ ಬಾರದು; ಅದರ ಸೊಕ್ಕು ಇಳಿಯಿತು. ನಾರುಕೋಶ ಮಾತ್ರ ನೆರೆಯ ಕೋಶಗಳನ್ನೆಲ್ಲ ಕೂಗಿ ಕರೆಯಿತು, ಬಿಡುವಿಲ್ಲದೆ ಎಳೆ ಹಾಸಿತು. ಆ ಎಳೆಗಳ ಆಸರೆಯಲ್ಲಿ ನೆರೆಯವರು ಕಚ್ಚಿನ ಹಿಂದೆ ಹೊಸ ಗೋಡೆ ಎಬ್ಬಿಸಿದರು. ನೋವು ನಿಂತಿತು.

"ತಂಗೀ, ಹಂಗಿಸಿದವನನ್ನೂ ಕಾಯ್ದೆಯಲ್ಲ!" ಎಂದಿತು ಕವಚ.

"ಇಷ್ಟು ವರ್ಷ ನೀನು ಹೊರಗೆ ನಿಂತದ್ದಕ್ಕೇ ಅಲ್ಲವೇ ಅಣ್ಣಾ, ನಾನು ಒಳಗೆ ನೇಯಲಾದದ್ದು?"

ಅಂದಿನಿಂದ ಸಿದ್ರಾಮಪ್ಪ ಚಹಾ ಬಾಯಿಗಿಟ್ಟಾಗಲೆಲ್ಲ ಕವಚ ಒಳಗೆ ಕೂಗಿ ಹೇಳುತ್ತದೆ: "ಬಿಸಿ ಬಂತು ತಂಗೀ. ನಾನು ತಡೆಯುತ್ತೇನೆ, ನೀನು ನೇಯಿ."