ಕಡವಿನ ಸುಂಕ

ಮಕ್ಕಳೇ, ನವಿಲುಕಲ್ಲು ಕಾಡನ್ನು ಆಳವಾದ ಒಂದು ಹೊಳೆ ಎರಡಾಗಿ ಸೀಳಿಕೊಂಡು ಹರಿಯುತ್ತಿತ್ತು. ಈಚೆ ದಡದಲ್ಲಿ ನೆಲ್ಲಿಮರಗಳು ಧಾರಾಳವಾಗಿದ್ದವು, ಆದರೆ ಉಪ್ಪುಮಣ್ಣು ಒಂದು ಹಿಡಿಯೂ ಇರಲಿಲ್ಲ. ಆಚೆ ದಡದಲ್ಲಿ ಉಪ್ಪುಮಣ್ಣಿನ ದಿಬ್ಬವೇ ಇತ್ತು, ನೆಲ್ಲಿ ಮಾತ್ರ ಹುಡುಕಿದರೂ ಸಿಗುತ್ತಿರಲಿಲ್ಲ. ಹುಲ್ಲು ಸೊಪ್ಪು ತಿನ್ನುವ ಪ್ರಾಣಿಗಳು ಆಗಾಗ ಉಪ್ಪುಮಣ್ಣು ನೆಕ್ಕದಿದ್ದರೆ ಮೈಯಲ್ಲಿ ಕಸುವು ಉಳಿಯುವುದಿಲ್ಲ. ಮರಿಗೆ ಹಾಲೂಡುವ ತಾಯಂದಿರಿಗಂತೂ ಅದು ಬೇಕೇ ಬೇಕು. ಹಾಗಾಗಿ ನೀರುನಾಯಿಗಳು ಬಿದಿರಿನ ತೆಪ್ಪದಲ್ಲಿ ನೆಲ್ಲಿಕಾಯಿ ತುಂಬಿ ಆಚೆಗೆ ಒಯ್ಯುತ್ತಿದ್ದವು, ಬರುವಾಗ ಉಪ್ಪುಮಣ್ಣಿನ ಮುದ್ದೆಗಳನ್ನು ತರುತ್ತಿದ್ದವು. ತೆಪ್ಪ ದಡ ಮುಟ್ಟುವ ಜಾಗಕ್ಕೆ ಕಡವು ಎಂದು ಹೆಸರು.

ಈಚೆ ದಡದ ಕಾಡಿಗೆ ರಾಜನಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಎಲ್ಲ ಪ್ರಾಣಿಗಳೂ ಸೇರಿ ಒಬ್ಬ ಅಧ್ಯಕ್ಷನನ್ನು ಆರಿಸುತ್ತಿದ್ದವು. ಕಟ್ಟಳೆ ಮಾಡಲು ಒಂದು ಸಭೆ ಇತ್ತು. ತಕರಾರು ಬಂದರೆ ತೀರ್ಮಾನಿಸಲು ಅತ್ತಿಮರದ ಕೆಳಗೆ ಮೂವರು ಕೂರುವ ನ್ಯಾಯಕಟ್ಟೆ ಇತ್ತು. ಕಾಡಿನ ಕಟ್ಟಳೆಗಳನ್ನೆಲ್ಲ ಒಂದು ಮುದಿ ಮೈನಾ ಬಾಯಿಪಾಠ ಮಾಡಿಕೊಂಡಿತ್ತು. ಕೇಳಿದಾಗ ಒಂದಕ್ಷರ ತಪ್ಪದೆ ಒಪ್ಪಿಸುತ್ತಿತ್ತು.

ಪ್ರಾಣಿಗಳಲ್ಲಿ ಎರಡು ಪಕ್ಷಗಳಿದ್ದವು. ಒಂದು ಕೊಂಬಿನ ಪಕ್ಷ, ಇನ್ನೊಂದು ಉಗುರಿನ ಪಕ್ಷ. ಕೊಂಬಿನವರು ಹೌದೆಂದರೆ ಉಗುರಿನವರು ಅಲ್ಲವೆನ್ನುತ್ತಿದ್ದರು. ಮಳೆ ಯಾವಾಗ ಬರುತ್ತದೆ ಎಂಬ ವಿಷಯದಲ್ಲೂ ಅವರಿಗೆ ಒಮ್ಮತವಿರಲಿಲ್ಲ.

ನಮ್ಮ ಕತೆಯ ಸೂಜಮ್ಮ ಒಂದು ಮುಳ್ಳುಹಂದಿ. ಅವಳಿಗೆ ಕೊಂಬೇನೂ ಇರಲಿಲ್ಲ. ಆದರೆ ಮುಳ್ಳೂ ಕೊಂಬಿನ ಜಾತಿಯೇ ಎಂದು ಹೇಳಿ ಅವಳ ಅಜ್ಜನ ಕಾಲದಲ್ಲೇ ಆ ಮನೆತನವನ್ನು ಕೊಂಬಿನ ಪಕ್ಷಕ್ಕೆ ಸೇರಿಸಿಕೊಂಡಿದ್ದರು. ಸೂಜಮ್ಮನನ್ನು ನ್ಯಾಯಕಟ್ಟೆಗೆ ನೇಮಿಸಿದವನೂ ಕೊಂಬಿನ ಪಕ್ಷದ ಅಧ್ಯಕ್ಷನೇ, ಕಾಡುಕೋಣ ಗುಡ್ಡಪ್ಪ. ಕಟ್ಟೆ ಸೇರುತ್ತಿದ್ದುದು ಹಗಲಿನಲ್ಲಿ. ಅದು ಮುಳ್ಳುಹಂದಿಗಳು ಮಲಗುವ ಹೊತ್ತು. ಆಕಳಿಕೆ ತಡೆದುಕೊಂಡು, ಕಣ್ಣುಜ್ಜಿಕೊಂಡು ಅವಳು ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುತ್ತಿದ್ದಳು.

ಗುಡ್ಡಪ್ಪ ಕೆಟ್ಟವನಲ್ಲ. ಕಾಳ್ಗಿಚ್ಚು ಬಂದ ವರ್ಷ ತನ್ನ ಹಿಂಡನ್ನು ಕರೆದುಕೊಂಡು ಹೋಗಿ ಒಣಹುಲ್ಲನ್ನೆಲ್ಲ ತುಳಿದು ಬರಿನೆಲ ಮಾಡಿ, ಬೆಂಕಿ ಮುಂದಕ್ಕೆ ಹಬ್ಬದಂತೆ ತಡೆದಿದ್ದ. ಆ ದಿನ ಸೂಜಮ್ಮನ ಬಿಲವೂ ಬದುಕಿಕೊಂಡಿತ್ತು. ಅವನಿಗಿದ್ದ ದೋಷ ಒಂದೇ. ಯಾರನ್ನಾದರೂ ಕೇಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಅಷ್ಟು ದೊಡ್ಡ ಮೈ ಹೊತ್ತು ಸಭೆಯ ಮುಂದೆ ನಿಂತು, ಹೀಗೆ ಮಾಡಲೇ ಎಂದು ಮೊಲಗಳ ಹತ್ತಿರವೂ ಒಪ್ಪಿಗೆ ಪಡೆಯುವುದು ಅವನಿಗೆ ಅವಮಾನವೆನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವನಿಗೆ ಆಚೆ ದಡದವರ ಮೇಲೆ ಸಿಟ್ಟು ಬಂತು. ಅವರು ನಮಗೆ ಮಣ್ಣು ಕೊಟ್ಟು ನಮ್ಮ ಹಣ್ಣು ಒಯ್ಯುತ್ತಿದ್ದಾರೆ, ಇಷ್ಟು ವರ್ಷ ನಾವು ಮೋಸಹೋಗಿದ್ದೇವೆ ಎಂದು ಅವನು ಕಡವಿನಲ್ಲಿ ನಿಂತು ಹೇಳಿದ. ಇದು ಕಾಡಿಗೆ ಬಂದಿರುವ ತುರ್ತು ಎಂದು ಸಾರಿದ. ಅಂದಿನಿಂದ ಐದು ಮುದ್ದೆ ಉಪ್ಪುಮಣ್ಣು ಬಂದರೆ ಒಂದು ಮುದ್ದೆ ಸುಂಕವಾಗಿ ಅಧ್ಯಕ್ಷರ ಗುಹೆಗೆ ಹೋಗಬೇಕಾಯಿತು. ಸುಂಕದ ಭಾರವೆಲ್ಲ ಆಚೆ ದಡದವರ ಮೇಲೆಯೇ ಬೀಳುತ್ತದೆ ಎಂದು ಅವನು ಎಲ್ಲರಿಗೂ ಭರವಸೆ ಕೊಟ್ಟ.

ಸುಂಕ ಒಂದೇ ಪ್ರಮಾಣದಲ್ಲಿ ನಿಲ್ಲಲೂ ಇಲ್ಲ. ಆಚೆ ದಡದ ಒಂದು ಮುಸುವ ಕೋತಿ ಅವನ ನಡಿಗೆಯನ್ನು ಅಣಕಿಸಿತೆಂದು ತಿಳಿದ ದಿನ ಸುಂಕ ಎರಡು ಮುದ್ದೆಯಾಯಿತು. ಅದು ಬಂದು ಕ್ಷಮೆ ಕೇಳಿದ ಸಂಜೆ ಮತ್ತೆ ಒಂದಕ್ಕಿಳಿಯಿತು. ಮರುವಾರ, ಯಾವ ಕಾರಣಕ್ಕೋ ಯಾರಿಗೂ ಗೊತ್ತಿಲ್ಲ, ಮೂರಾಯಿತು.

ಆಚೆ ದಡದವರು ಮೊದಲು ಕೇಳುತ್ತಿದ್ದಷ್ಟೇ ನೆಲ್ಲಿಕಾಯಿ ಕೇಳುತ್ತಿದ್ದರು. ಈಚೆಗೆ ಬಂದ ಮಣ್ಣಿನಲ್ಲಿ ಹೆಚ್ಚಿನ ಪಾಲು ಗುಹೆ ಸೇರುತ್ತಿತ್ತು. ಉಳಿದದ್ದು ಜಿಂಕೆ ಕಡವೆಗಳ ನಾಲಿಗೆಗೆ ಸಾಲುತ್ತಿರಲಿಲ್ಲ. ತಾಯಂದಿರ ಹಾಲು ಬತ್ತತೊಡಗಿತು. ಬಿದಿರುಮೆಳೆಯ ಹತ್ತಿರದ ಒಂದು ಕಡವೆಯ ಮರಿ ಹುಟ್ಟಿ ಎಂಟು ದಿನವಾದರೂ ಕಾಲೂರಿ ನಿಲ್ಲಲಿಲ್ಲ. ಒಂಬತ್ತನೆಯ ದಿನ ಅದು ತೀರಿಕೊಂಡಿತು.

ಆಗ ತೆಪ್ಪ ನಡೆಸುವ ನೀರುನಾಯಿ ಮಡುವಯ್ಯ ನ್ಯಾಯಕಟ್ಟೆಗೆ ಬಂದು ದೂರು ಕೊಟ್ಟ. ಸುಂಕ ಹಾಕುವ ಅಧಿಕಾರ ಸಭೆಯದು, ಅಧ್ಯಕ್ಷರದಲ್ಲ ಎಂಬುದು ಅವನ ವಾದ. ಕಾಡೆಲ್ಲ ಗುಸುಗುಸು ಶುರುವಾಯಿತು. ಕಟ್ಟೆಯ ಮೂವರಲ್ಲಿ ಜಿಂಕೆ ಚುಕ್ಕಪ್ಪ ಕೊಂಬಿನವನು, ಪುನುಗುಬೆಕ್ಕು ಪುನುಗಯ್ಯ ಉಗುರಿನವನು. ಉಳಿದವಳು ಸೂಜಮ್ಮ. ಅವಳನ್ನು ಕಟ್ಟೆಗೆ ತಂದವನೇ ಗುಡ್ಡಪ್ಪನಾದ್ದರಿಂದ ತೀರ್ಪು ಏನೆಂದು ಎಲ್ಲರೂ ಆಗಲೇ ಲೆಕ್ಕ ಹಾಕಿಬಿಟ್ಟಿದ್ದರು.

ವಿಚಾರಣೆಯ ಹಿಂದಿನ ದಿನ ಬೆಳಗ್ಗೆ ಸೂಜಮ್ಮ ಗೆಡ್ಡೆ ತಿಂದು ಬಿಲಕ್ಕೆ ಮರಳುವಾಗ ಗುಡ್ಡಪ್ಪ ದಾರಿಯಲ್ಲಿ ನಿಂತಿದ್ದ. ಅವಳ ಮಗಳು ಹೇಗಿದ್ದಾಳೆಂದು ವಿಚಾರಿಸಿದ. ಈ ಸಲ ಗೆಡ್ಡೆ ಚೆನ್ನಾಗಿದೆಯೇ ಎಂದು ಕೇಳಿದ. ಆಮೇಲೆ ಮಾತು ತೆಗೆದ.

"ಸೂಜಮ್ಮ, ನಿನ್ನನ್ನು ಆ ಕಟ್ಟೆಯ ಮೇಲೆ ಕೂರಿಸಿದವನು ನಾನು."

"ಹೌದು ಗುಡ್ಡಪ್ಪಣ್ಣ. ಅದನ್ನು ಮರೆತಿಲ್ಲ. ಬೆಂಕಿ ನಿಲ್ಲಿಸಿದ್ದನ್ನೂ ಮರೆತಿಲ್ಲ."

"ಹಾಗಾದರೆ ನಾನು ಬೇರೇನೂ ಹೇಳಬೇಕಾಗಿಲ್ಲ."

"ಹೇಳುವುದಿದ್ದರೆ ನಾಳೆ ಅತ್ತಿಮರದ ಕೆಳಗೆ ಹೇಳಣ್ಣ. ಇಲ್ಲಿ ಮಡುವಯ್ಯ ಇಲ್ಲ."

ಗುಡ್ಡಪ್ಪ ಮೂಗಿನಿಂದ ಉಸಿರು ಬಿಟ್ಟು ಹೊರಟುಹೋದ. ಸೂಜಮ್ಮ ಬಿಲದೊಳಗೆ ಹೋಗಿ ಮಲಗಿದಳು. ನಿದ್ದೆ ಬರಲಿಲ್ಲ. ಆಚೆ ದಡದವರು ವ್ಯಾಪಾರದಲ್ಲಿ ಬಲು ಚುರುಕು ಎಂಬುದು ಅವಳಿಗೂ ಗೊತ್ತಿತ್ತು. ಅವರಿಗೆ ಒಂದಿಷ್ಟು ಬಿಸಿ ಮುಟ್ಟಲಿ ಎಂದು ಅವಳ ಮನಸ್ಸೂ ಒಮ್ಮೊಮ್ಮೆ ಬಯಸಿತ್ತು. ಸುಂಕ ಬೇಕೋ ಬೇಡವೋ ಎಂದು ಸಭೆಯಲ್ಲಿ ಕೇಳಿದ್ದರೆ ಅವಳು ಬೇಕು ಎಂದೇ ಹೇಳುತ್ತಿದ್ದಳೇನೋ. ಆದರೆ ನಾಳೆ ಕಟ್ಟೆಯ ಮುಂದೆ ಬರುವ ಪ್ರಶ್ನೆ ಅದಾಗಿರಲಿಲ್ಲ.

ಮರುದಿನ ಅತ್ತಿಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಕೊಂಬಿನವರು ಬಲಕ್ಕೆ, ಉಗುರಿನವರು ಎಡಕ್ಕೆ ನಿಂತಿದ್ದರು. ಮೈನಾ ಹಳೆಯ ಕಟ್ಟಳೆಯನ್ನು ಒಪ್ಪಿಸಿತು: "ಕಡವಿನಲ್ಲಿ ಸುಂಕ ಹಾಕುವುದು, ತೆಗೆಯುವುದು ಸಭೆಯ ಕೆಲಸ. ಬೆಂಕಿ, ಪ್ರವಾಹ, ರೋಗದಂಥ ತುರ್ತು ಬಂದರೆ ಅಧ್ಯಕ್ಷರು ಸಭೆಗೆ ಕಾಯದೆ ಕಡವಿನ ಓಡಾಟವನ್ನು ಹತೋಟಿಗೆ ತರಬಹುದು, ತಡೆಯಲೂ ಬಹುದು."

ಮಡುವಯ್ಯ ಹೆಚ್ಚು ಮಾತಾಡಲಿಲ್ಲ. ತುರ್ತಿನ ಮಾತಿನಲ್ಲಿ ಸುಂಕ ಎಂಬ ಪದವೇ ಇಲ್ಲ ಎಂದು ತೋರಿಸಿ ಕೂತ. ಗುಡ್ಡಪ್ಪ ತನ್ನ ವಾದವನ್ನು ತಾನೇ ಮಂಡಿಸಿದ. ಹತೋಟಿಗೆ ತರುವುದೆಂದರೆ ಅದರಲ್ಲಿ ಸುಂಕವೂ ಸೇರಿತು ಎಂದ. ಕಡವನ್ನು ಪೂರ್ತಿ ಮುಚ್ಚುವ ದೊಡ್ಡ ಅಧಿಕಾರವನ್ನೇ ಕೊಟ್ಟಿರುವಾಗ, ತೆರೆದಿಟ್ಟು ಒಂದೆರಡು ಮುದ್ದೆ ಕೇಳುವ ಸಣ್ಣ ಅಧಿಕಾರ ಇಲ್ಲವೆನ್ನುವುದು ಯಾವ ನ್ಯಾಯ ಎಂದು ಕೇಳಿದ. ಕೊಂಬಿನವರೆಲ್ಲ ತಲೆಯಾಡಿಸಿದರು. ಮಾತು ಕೇಳಲು ಚೆನ್ನಾಗಿಯೇ ಇತ್ತು. ಸೂಜಮ್ಮನೂ ಅದನ್ನು ಮನಸ್ಸಿನಲ್ಲಿ ಎರಡು ಸಲ ತಿರುಗಿಸಿ ನೋಡಿದಳು.

"ಅಧ್ಯಕ್ಷರೇ, ಈ ತುರ್ತು ಯಾವಾಗ ಮುಗಿಯುತ್ತದೆ?" ಎಂದು ಅವಳು ಕೇಳಿದಳು.

"ಆಚೆ ದಡದವರು ನಮಗೆ ಮರ್ಯಾದೆ ಕೊಡುವುದನ್ನು ಕಲಿತಾಗ."

"ಕಲಿತರೆಂದು ಹೇಳುವವರು ಯಾರು?"

"ನಾನು."

"ಸಭೆಯನ್ನು ಯಾಕೆ ಕೇಳಲಿಲ್ಲ?"

"ಸಭೆಯಲ್ಲಿ ಮಾತು ಜಾಸ್ತಿ" ಎಂದ ಗುಡ್ಡಪ್ಪ. ಕೊಂಬಿನವರು ನಕ್ಕರು. ಸೂಜಮ್ಮ ನಗಲಿಲ್ಲ.

ಮೂವರೂ ಮರದ ಹಿಂಬದಿಗೆ ಹೋದರು. ಚುಕ್ಕಪ್ಪ, ಅಧ್ಯಕ್ಷರು ಹೇಳಿದ್ದೇ ಸರಿ ಎಂದ. ನಾಳೆ ಉಗುರಿನವರು ಗೆದ್ದು ಇದೇ ಅಧಿಕಾರ ಅವರ ಕೈಗೆ ಹೋದರೆ ಏನು ಮಾಡುತ್ತೀಯೆ ಎಂದು ಸೂಜಮ್ಮ ಕೇಳಿದಾಗ, ಅವರು ಗೆಲ್ಲುವುದಿಲ್ಲ ಬಿಡು ಎಂದ. ಪುನುಗಯ್ಯ, ಅಧ್ಯಕ್ಷರು ಮಾಡಿದ್ದು ಶುದ್ಧ ತಪ್ಪು ಎಂದ. ಇದನ್ನೇ ನಿಮ್ಮ ಪಕ್ಷದ ಮುಂದಾಳು ಕರಡಿ ಮಾಡಿದ್ದರೂ ತಪ್ಪೆನ್ನುತ್ತಿದ್ದೆಯಾ ಎಂದು ಅವಳು ಕೇಳಿದಾಗ, ನಮ್ಮವನು ಅಂಥದ್ದನ್ನು ಮಾಡುವವನೇ ಅಲ್ಲ ಎಂದ. ಇಬ್ಬರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬುದು ಸೂಜಮ್ಮನಿಗೆ ಗೊತ್ತಾಯಿತು. ತೀರ್ಮಾನದ ಭಾರವೆಲ್ಲ ತನ್ನ ಬೆನ್ನ ಮೇಲೆಯೇ ಬಂತು ಎಂದುಕೊಂಡಳು. ಕಟ್ಟೆಗೆ ಮರಳಿ ಎಲ್ಲರ ಮುಂದೆ ತೀರ್ಪು ಹೇಳಿದಳು.

"ಸುಂಕ ಒಳ್ಳೆಯದೋ ಕೆಟ್ಟದ್ದೋ ನಾವು ಹೇಳುವುದಿಲ್ಲ. ಯಾರು ಹಾಕಬೇಕು ಎಂಬುದಷ್ಟೇ ಇಲ್ಲಿರುವ ಪ್ರಶ್ನೆ. ಕಡವು ಮುಚ್ಚುವುದು ದೊಡ್ಡ ಅಧಿಕಾರ, ಸುಂಕ ಎತ್ತುವುದು ಸಣ್ಣದು ಎಂದರು ಅಧ್ಯಕ್ಷರು. ಕಡವು ಮುಚ್ಚಿದರೆ ಮುಚ್ಚಿದವರಿಗೂ ಉಪ್ಪು ಸಿಗುವುದಿಲ್ಲ. ಹಾಗಾಗಿ ಆಪತ್ತು ಕಳೆದ ಕೂಡಲೇ ಅವರೇ ತೆರೆಯುತ್ತಾರೆ. ಸುಂಕ ಎತ್ತಿದರೆ ಎತ್ತಿದವರ ಗುಹೆ ತುಂಬುತ್ತದೆ. ಆಮೇಲೆ ಆಪತ್ತು ಕಳೆಯುವುದೇ ಇಲ್ಲ. ಅದಕ್ಕೇ ಹಿರಿಯರು ಮುಚ್ಚುವುದನ್ನು ಒಬ್ಬರ ಕೈಗೆ ಕೊಟ್ಟರು, ಎತ್ತುವುದನ್ನು ಎಲ್ಲರ ಕೈಯಲ್ಲಿ ಇಟ್ಟರು. ಈ ಸುಂಕ ಇವತ್ತಿಗೆ ನಿಂತಿತು. ಬೇಕೆನಿಸಿದರೆ ಅಧ್ಯಕ್ಷರು ಸಭೆಯನ್ನು ಕೇಳಲಿ."

ಪುನುಗಯ್ಯ ತನ್ನ ಹೆಸರನ್ನೂ ಸೇರಿಸಿದ. ಚುಕ್ಕಪ್ಪ ಸೇರಿಸಲಿಲ್ಲ. ಇಬ್ಬರ ತೀರ್ಪು, ಹೆಸರುಗಳ ಸಮೇತ, ಮೈನಾದ ಬಾಯಿಪಾಠಕ್ಕೆ ಸೇರಿತು. ಗುಹೆಯಲ್ಲಿದ್ದ ಮಣ್ಣನ್ನು ಹಿಂದಕ್ಕೆ ಕೊಡಬೇಕೆಂದು ಆಜ್ಞೆಯಾಯಿತು. ಹೋಗಿ ನೋಡಿದರೆ ಅರ್ಧ ಮಣ್ಣನ್ನು ಅಧ್ಯಕ್ಷರ ಆಪ್ತರು ಆಗಲೇ ನೆಕ್ಕಿ ಮುಗಿಸಿದ್ದರು.

ಗುಡ್ಡಪ್ಪ ಸಭೆಯನ್ನು ಕೇಳಲಿಲ್ಲ. ಕೇಳಿದ್ದರೆ ಒಪ್ಪಿಗೆ ಸಿಕ್ಕರೂ ಸಿಗುತ್ತಿತ್ತು, ಏಕೆಂದರೆ ಅಲ್ಲಿ ಕೊಂಬಿನವರೇ ಹೆಚ್ಚಿದ್ದರು. ಅದರ ಬದಲು ಅವನು ಊರೂರು ತಿರುಗಿದಂತೆ ಮೆಳೆಮೆಳೆ ತಿರುಗಿ, ಸೂಜಮ್ಮ ಉಗುರಿನವರ ಕಡೆ ಸೇರಿಕೊಂಡಳು ಎಂದು ಹೇಳಿಕೊಂಡು ಬಂದ. ಕೊಂಬಿನವರು ಅದನ್ನು ನಂಬಿದರು. ಸೂಜಮ್ಮನ ತಂಗಿ ತನ್ನ ಮರಿಯ ನಾಮಕರಣಕ್ಕೆ ಅವಳನ್ನು ಕರೆಯಲಿಲ್ಲ. ಒಂದು ದಿನ ಯಾರೋ ಅವಳ ಬಿಲದ ಬಾಯಿಗೆ ಕಲ್ಲು ಉರುಳಿಸಿ ಹೋಗಿದ್ದರು. ಅವಳೂ ಮಗಳೂ ಇನ್ನೊಂದು ಕಡೆಯಿಂದ ತೋಡಿಕೊಂಡು ಹೊರಗೆ ಬಂದರು.

ಅತ್ತ ಉಗುರಿನವರು ಕಾಡುಮಲ್ಲಿಗೆಯ ಹಾರ ಹಿಡಿದು ಅವಳ ಬಿಲದ ಮುಂದೆ ಬಂದರು. ಅವರ ಮುಂದಾಳು ಕರಡಿ ಕಂಬಳಪ್ಪ ಅವಳನ್ನು ಕಾಡಿನ ಕಣ್ಣು ಎಂದು ಹೊಗಳಿದ. ನಾನು ನಿಮಗಾಗಿ ಏನೂ ಮಾಡಿಲ್ಲ, ಹಾರ ವಾಪಸು ಒಯ್ಯಿರಿ ಎಂದಳು ಸೂಜಮ್ಮ. ಅವರಿಗೂ ಅದು ಹಿಡಿಸಲಿಲ್ಲ. ಹೀಗೆ ಆ ಮಳೆಗಾಲ ಅವಳ ಜೊತೆ ನೆಟ್ಟಗೆ ಮಾತಾಡುವವರು ಯಾರೂ ಇರಲಿಲ್ಲ. ತೀರ್ಪು ಸರಿಯಿತ್ತೇ ಎಂದು ಅವಳು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಪ್ರತಿ ಸಲವೂ ಸರಿಯಿತ್ತು ಎಂದೇ ಅನಿಸಿತು. ಹಾಗೆಂದು ಬೇಸರವೇನೂ ಕಡಿಮೆಯಾಗಲಿಲ್ಲ.

ಮಳೆ ಮುಗಿದ ಮೇಲೆ ಚುನಾವಣೆ ಬಂತು. ಗೆಲ್ಲುವುದೇ ಇಲ್ಲವೆಂದು ಚುಕ್ಕಪ್ಪ ಹೇಳಿದ್ದ ಉಗುರಿನವರು ಗೆದ್ದರು, ಸಭೆಯಲ್ಲೂ ಅವರೇ ಹೆಚ್ಚಾದರು. ಕಂಬಳಪ್ಪ ಅಧ್ಯಕ್ಷನಾದ. ಮೂರನೆಯ ದಿನವೇ ಅವನು ತನ್ನವರನ್ನು ಕೂರಿಸಿಕೊಂಡು, ಉಪ್ಪುಮಣ್ಣು ನೆಕ್ಕುವವರೆಲ್ಲ ಕೊಂಬಿನವರು, ನಾವು ಮುಟ್ಟುವುದೂ ಇಲ್ಲ, ಐದು ಮುದ್ದೆಗೆ ನಾಲ್ಕು ಸುಂಕ ಹಾಕಿದರೆ ನಮಗೇನು ನಷ್ಟ ಎಂದ. ಇದನ್ನೂ ತುರ್ತು ಎಂದು ಸಾರಿಬಿಡೋಣ ಎಂಬುದು ಅವನ ಯೋಚನೆ. ಸುದ್ದಿ ಕಡವಿಗೆ ಮುಟ್ಟಿದಾಗ ಜಿಂಕೆಗಳು ಮರಿಗಳನ್ನು ಹತ್ತಿರಕ್ಕೆಳೆದುಕೊಂಡವು.

ಸಾರುವ ಮೊದಲು ಕಂಬಳಪ್ಪ ತನ್ನ ಪಕ್ಷದ ಪುನುಗಯ್ಯನನ್ನು ಕರೆಸಿ ಸಲಹೆ ಕೇಳಿದ. ಪುನುಗಯ್ಯ ಬಹಳ ಹೊತ್ತು ಮೀಸೆ ನೆಕ್ಕಿಕೊಳ್ಳುತ್ತ ಕೂತ. ಮೈನಾವನ್ನು ಕರೆದು ತೀರ್ಪು ಒಪ್ಪಿಸಲು ಹೇಳಿದರೆ ಕೊನೆಯಲ್ಲಿ ಬರುವುದು ತನ್ನದೇ ಹೆಸರು.

"ಅಧ್ಯಕ್ಷರೇ, ಅದು ಆಗುವುದಿಲ್ಲ" ಎಂದ ಅವನು. "ಅವತ್ತು ನಾನು ಗುಡ್ಡಪ್ಪನನ್ನು ಮಾತ್ರ ತಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ಸೂಜಮ್ಮ ಅಧ್ಯಕ್ಷರು ಎಂದು ಹೇಳಿದ್ದಾಳೆ, ಗುಡ್ಡಪ್ಪ ಎಂದು ಹೇಳಿಲ್ಲ."

ಕಂಬಳಪ್ಪ ಗೊಣಗುತ್ತ ಮಾತನ್ನು ಅಲ್ಲಿಗೇ ಬಿಟ್ಟ. ಸಭೆಗೆ ಹೋಗಿ ಕೇಳಿದ. ಉಗುರಿನವರಲ್ಲೇ ಎಷ್ಟೋ ಜನ, ಜಿಂಕೆಗಳು ಸೊರಗಿದರೆ ನಮ್ಮ ಹೊಟ್ಟೆಪಾಡೂ ಸೊರಗುತ್ತದೆ ಎಂದು ಯೋಚಿಸಿ ಬೇಡವೆಂದರು. ಸುಂಕ ಬರಲಿಲ್ಲ.

ಆ ಚಳಿಗಾಲದ ಒಂದು ಬೆಳಗ್ಗೆ ಸೂಜಮ್ಮ ಹೊಳೆದಂಡೆಯ ದಾರಿಯಲ್ಲಿ ಬಿಲಕ್ಕೆ ಮರಳುತ್ತಿದ್ದಳು. ಮಡುವಯ್ಯನ ತೆಪ್ಪ ಆಗಷ್ಟೇ ದಡ ಮುಟ್ಟಿತ್ತು. ಹಾಲೂಡುವ ಕಡವೆಗಳ ಸಾಲಿನ ಕೊನೆಯಲ್ಲಿ ಗುಡ್ಡಪ್ಪ ನಿಂತಿದ್ದ. ಈಗ ಅವನು ಅಧ್ಯಕ್ಷನಲ್ಲ. ಕಾಯಿಲೆಯಿಂದ ಪಕ್ಕೆಲುಬು ಕಾಣುವಷ್ಟು ಇಳಿದಿದ್ದ. ತನ್ನ ಸರದಿ ಬಂದಾಗ ನೆಲ್ಲಿಕಾಯಿ ಕೊಟ್ಟು ಮುದ್ದೆ ಪಡೆದು ಅಲ್ಲೇ ನಿಂತು ನೆಕ್ಕಿದ. ಯಾರೂ ಅವನನ್ನು ತಡೆಯಲಿಲ್ಲ, ಸುಂಕವೆಂದು ಯಾರೂ ಪಾಲು ಕೇಳಲಿಲ್ಲ. ತಲೆಯೆತ್ತಿದಾಗ ಸೂಜಮ್ಮ ಕಣ್ಣಿಗೆ ಬಿದ್ದಳು. ಅವನು ಮುಖ ತಿರುಗಿಸಿಕೊಂಡು ಮತ್ತೆ ನೆಕ್ಕತೊಡಗಿದ.

ಸೂಜಮ್ಮ ಅವನು ನೆಕ್ಕಿ ಮುಗಿಸುವವರೆಗೆ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಆಮೇಲೆ ಮನೆಯ ದಾರಿ ಹಿಡಿದಳು. ಅಂದು ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ನೀತಿ: ನಮ್ಮವರಿಗೆ ಒಂದು ಅಧಿಕಾರ ಕೊಡುವ ಮೊದಲು ಅದೇ ಅಧಿಕಾರ ನಮಗಾಗದವರ ಕೈಯಲ್ಲಿದ್ದರೆ ಹೇಗಿರುತ್ತದೆ ಎಂದು ಯೋಚಿಸಬೇಕು; ಆಗಲೂ ಒಪ್ಪಬಹುದು ಎನಿಸಿದರೆ ಮಾತ್ರ ಅದನ್ನು ಕೊಡಬೇಕು.