ತೆಂಗಿನಕಾಯಿ ತಳದ ದೋಣಿ

ಒಂದಾನೊಂದು ಕಾಲದಲ್ಲಿ, ಸೇತುವೆ ಅನ್ನೋದನ್ನೇ ಯಾರೂ ಕಂಡಿರದ ಕಾಲದಲ್ಲಿ, ಹೊಳೆ ಹೋಗಿ ಸಮುದ್ರ ಸೇರೋ ಅಳಿವೆ ಹತ್ತಿರ ಜಟ್ಟಿ ಅಂತ ಒಬ್ಬ ಅಂಬಿಗ ಇದ್ನಂತೆ, ಅವನಿಗೆ ಮೂರು ಹೆಣ್ಣುಮಕ್ಕಳಂತೆ, ಸೋಮಿ, ಮಂಕಾಳಿ, ಹೊನ್ನಿ. ಗಂಡುಮಕ್ಕಳಿರ್ಲಿಲ್ವಾ ಅಂತ ಕೇಳ್ಬೇಡ, ಇರ್ಲಿಲ್ಲ, ಬೇಕಾಗೂ ಇರ್ಲಿಲ್ಲ.

ಮಕ್ಕಳು ದೊಡ್ಡವರಾದ್ರು. ಆಮೇಲೆ ಜಟ್ಟಿ ಮಾವಿನ ಮರ ಕಡಿಸಿ ಮೂರು ದೋಣಿ ಕೆತ್ತಿ, ಒಬ್ಬೊಬ್ರು ಒಂದೊಂದು ಆರಿಸ್ಕೊಳ್ಳಿ ಅಂದ್ನಂತೆ. ಆ ಊರಲ್ಲಿ ಅದಕ್ಕೊಂದು ಪದ್ಧತಿ. ದಡದ ಪಕ್ಕ ನಿಂತ ನೀರಲ್ಲಿ ದೋಣಿ ಬಿಟ್ಟು, ಒಳಗೆ ತುಂಬಿದ ಕೊಡ ಇಟ್ಟು, ಕೊಡದ ಪಕ್ಕ ದೋಣಿಯಲ್ಲೇ ಎದ್ದು ನಿಲ್ಬೇಕು. ಕೊಡ ತುಳುಕದಿದ್ರೆ ಒಳ್ಳೆ ದೋಣಿ, ತುಳುಕಿದ್ರೆ ಸೌದೆ.

ಮೊದಲನೇದು ಅಗಲ, ತಳ ಮಣೆ ಹಾಗೆ ಚಪ್ಪಟೆ. ಒಂದು ಹನಿ ತುಳುಕಲಿಲ್ಲ, ಸೋಮಿ ಇದು ನಂದು ಅಂದ್ಳಂತೆ. ಎರಡನೇದು ಉದ್ದ, ಸಪೂರ, ತಳ ಚೂಪು. ಸ್ವಲ್ಪ ತುಳುಕ್ತು, ಆದ್ರೆ ಹುಟ್ಟು ಹಾಕಿದ್ರೆ ಬಾಣದ ಹಾಗೆ ನೆಟ್ಟಗೆ ಓಡ್ತಿತ್ತಂತೆ, ಅದು ಮಂಕಾಳಿಗೆ. ಮೂರನೇದರ ತಳ ತೆಂಗಿನಕಾಯಿ ಹಾಗೆ ಉರುಟು. ಹೊನ್ನಿ ಕಾಲಿಟ್ಟದ್ದೇ ತಡ, ಅತ್ತ ವಾಲಿ ಇತ್ತ ವಾಲಿ ಕೊಡವೇ ಉರುಳಿ ಬಿತ್ತಂತೆ. ಅಯ್ಯೋ ತಂಗೀ, ಇದು ದೋಣಿಯೋ ತೊಟ್ಟಿಲೋ ಅಂತ ಅಕ್ಕಂದಿರು ನಕ್ಕಿದ್ದೇ ನಕ್ಕಿದ್ದು. ಜಟ್ಟಿಗೂ ನಾಚಿಕೆಯಾಗಿ, ಬಿಡು ಮಗಾ, ಇದನ್ನ ಒಲೆಗೆ ಹಾಕುವ, ಬೇರೆ ಕೆತ್ತಿ ಕೊಡ್ತೇನೆ ಅಂದ್ನಂತೆ. ಹೊನ್ನಿ ಮಾತು ಕಡಿಮೆಯವಳು. ತಲೆ ತಗ್ಗಿಸ್ಕೊಂಡೇ, ಅಪ್ಪಾ, ಅಳಿವೇಲಿ ತೆಂಗಿನಕಾಯಿ ತೇಲೋದು ನೋಡಿದ್ದೀಯಲ್ಲ, ಎಷ್ಟು ಹೊರಳಿದ್ರೂ ಮುಳುಗೋದಿಲ್ಲ, ನಂಗಿದೇ ಸಾಕು ಅಂದ್ಳಂತೆ.

ಆಮೇಲೆ ಒಂದಿನ ಜಟ್ಟಿ ಅಳಿವೆ ಆಚೆ ಬಂಡೆ ಮೇಲೆ ಚಿಪ್ಪಿ ಕೀಳೋಕೆ ಹೋಗಿದ್ದಾಗ ಗಾಳಿ ಎದ್ದು, ಅವನ ದೋಣಿ ಕಿತ್ಕೊಂಡು ಹೋಯ್ತಂತೆ, ಸಮುದ್ರ ಉಕ್ಕಿ ಭರತದ ನೀರು ಬಂಡೆ ಏರ್ತಾ ಬಂತಂತೆ. ಸೋಮಿ ಹೊರಟ್ಳು. ತೆರೆ ಹೇಗೆ ಓರೆಯಾಯ್ತೋ ಚಪ್ಪಟೆ ತಳವೂ ಹಾಗೇ ಓರೆಯಾಗಿ, ಇನ್ನೇನು ಮಗುಚೋದ್ರಲ್ಲಿತ್ತು, ತಿರುಗಿ ಬಂದ್ಳಂತೆ. ಆಮೇಲೆ ಮಂಕಾಳಿ. ಅವಳದ್ದು ನೆಟ್ಟಗೇನೋ ಓಡ್ತು, ಬಂಡೆ ಕಡೆ ತಿರುಗು ಅಂದ್ರೆ ತಿರುಗ್ಲೇ ಇಲ್ಲ, ಅಡ್ಡ ತೆರೆ ಹೊಡೆದು ಅರ್ಧ ದೋಣಿ ನೀರಾಗಿ ಅವಳೂ ಬಂದ್ಳಂತೆ. ಅಷ್ಟರಲ್ಲಿ ಅಪ್ಪನಿಗೆ ಸೊಂಟದ ತನಕ ನೀರು.

ಆಮೇಲೆ ಹೊನ್ನಿ. ಎದ್ದು ನಿಲ್ಲಲಿಲ್ಲ ಅವಳು, ತಳದಲ್ಲಿ ಮೊಣಕಾಲೂರಿ ಕೂತು ಹುಟ್ಟು ಹಾಕಿದ್ಳಂತೆ. ದೋಣಿ ಅತ್ತ ವಾಲ್ತು, ತೆರೆ ಅಡಿಯಿಂದ ಜಾರಿ ಹೋಯ್ತು, ಇತ್ತ ವಾಲ್ತು, ಇನ್ನೊಂದು ತೆರೆ ಜಾರಿ ಹೋಯ್ತು. ಹಾಗೇ ಹೋಗಿ ಅಪ್ಪನ್ನ ಹತ್ತಿಸ್ಕೊಂಡು ಬಂದ್ಳಂತೆ. ಅವನೋ, ಮಗುಚ್ತದೆ ಮಗಾ, ಮಗುಚ್ತದೆ ಅಂತ ದಡದ ತನಕ ಕೂಗ್ತಾನೇ ಬಂದ್ನಂತೆ!

ಊರೆಲ್ಲ ದಡದಲ್ಲಿ ಸೇರಿತ್ತು. ಯಾರ ಮಗಳಪ್ಪಾ ಇವಳು ಅಂತ ಯಾರೋ ಕೇಳಿದ್ದಕ್ಕೆ, ಜಟ್ಟಿ ಒದ್ದೆ ಪಂಚೆ ಹಿಂಡ್ತಾ ಎದೆ ಉಬ್ಬಿಸಿ, ನನ್ನ ಮಗಳು, ದೋಣೀನೂ ನಾನೇ ಕೆತ್ತಿದ್ದು ಅಂದ್ನಂತೆ. ಒಲೆಗೆ ಹಾಕ್ತೇನೆ ಅಂದಿದ್ದು ಯಾರಪ್ಪಾ ಅಂದ್ಳಂತೆ ಮಂಕಾಳಿ.

ಆಮೇಲೆ ಸೋಮಿ ದೋಣಿ ಕೆಸರಿನ ಹಿನ್ನೀರಲ್ಲಿ ಭತ್ತ ಸಾಗಿಸ್ತು, ಮಂಕಾಳಿದು ಉದ್ದದ ಹೊಳೇಲಿ ಪೇಟೆಗೆ ಓಡ್ತು, ಅಳಿವೆ ಮಾತ್ರ ಹೊನ್ನಿದು. ಆ ಕೊಡ ಏನಾಯ್ತು ಅಂತೀಯಾ? ಜಟ್ಟಿ ಅದನ್ನ ಅಡುಗೆಮನೇಲಿಟ್ಟು, ಇನ್ನು ಇದು ಕುಡಿಯೋ ನೀರಿಗೆ ಮಾತ್ರ ಅಂದ್ನಂತೆ.

ದೋಣಿ ದಡ ಸೇರ್ತು, ಕತೆ ಮುಗೀತು. ನೀನು ಎಷ್ಟು ಬೇಕಾದ್ರೂ ಹೊರಳು ಪುಟ್ಟೀ, ಅಜ್ಜಿ ಹಾಸಿಗೆ ಮಗುಚೋದಿಲ್ಲ.