ಕಮ್ಮಾರನ ಅಂಗೈ

"ಗಾಯ ತಾನಾಗಿಯೇ ಮಾಯುವುದಾದರೆ ಮನುಷ್ಯ ಮಾಡಬೇಕಾದದ್ದೇನು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

'ಕೈಗೆ ಕಟ್ಟಿದ ಬಟ್ಟೆ ಬಿಚ್ಚಬೇಡಿ. ಅದೇನು ಕುಲುಮೆಗಿಟ್ಟ ಕಬ್ಬಿಣವೇ, ಗಳಿಗೆಗೊಮ್ಮೆ ಹೊರಗೆಳೆದು ನೋಡೋಕೆ?'

ಒಬ್ಬ ಕಮ್ಮಾರನಿಗೆ ಹೆಂಡತಿ ಆಡಿದ ಕೊನೆಯ ಮಾತು ಇದು. ಅವನ ಬಲ ಅಂಗೈ ಸುಟ್ಟಿತ್ತು. ಅವಳಿಗೆ ಜ್ವರ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಕಮ್ಮಾರ ಬಿಚ್ಚಿದ. ಕಾದ ಕಬ್ಬಿಣದ ಹದವನ್ನು ಬಣ್ಣದಿಂದಲೇ ತಿಳಿಯುವವನು, ಬಣ್ಣ ನೋಡದೆ ಯಾವುದನ್ನೂ ನಂಬಿದವನಲ್ಲ. ಹದಕ್ಕೆ ಬಂತೋ ಇಲ್ಲವೋ ಎಂದು ದಿನಕ್ಕೆರಡು ಸಲ ಒಣಗಿದ ಬಟ್ಟೆ ಕಿತ್ತು ನೋಡಿದ. ಪ್ರತಿ ಸಲವೂ ರಕ್ತ. ಹದಿನೈದು ದಿನವಾದರೂ ಕೈ ಹಸಿ. ಸುತ್ತಿಗೆ ಹಿಡಿಯಲಾರದವನು ಎಂಥ ಕಮ್ಮಾರ? ಕುಲುಮೆಯಲ್ಲಿ ಬೂದಿ ತಣ್ಣಗಾಯಿತು.

ಕೊನೆಗೆ ಆಸ್ಪತ್ರೆಗೆ ಹೋದ. ನರ್ಸಮ್ಮ ಕೈ ನೋಡಿದವಳೇ ರೇಗಿದಳು.

'ಚರ್ಮ ಬಂದಿತ್ತು ಕಣ್ರೀ ಯಜಮಾನ್ರೇ! ನೀವೇ ಬಟ್ಟೆ ಜೊತೆ ಕಿತ್ತು ಬಿಸಾಕಿದೀರ.'

'ನಂಗೆ ಕಾಣಲೇ ಇಲ್ಲವಲ್ಲ ತಾಯಿ.'

'ಹೇಗೆ ಕಾಣುತ್ತೆ? ಈರುಳ್ಳಿ ಪೊರೆಗಿಂತ ತೆಳು. ಅದರಲ್ಲಿ ರಕ್ತನಾಳ ಇಲ್ಲ, ಕೆಳಗಿನಿಂದ ಜಿನುಗಿದ್ದನ್ನೇ ಉಂಡು ಬದುಕುತ್ತೆ. ಜೀವಕಣಗಳು ಸಂದಿಲ್ಲದ ಹಾಗೆ ಒತ್ತಿಕೊಂಡು ನಿಂತಿರ್ತವೆ. ಹೊಟ್ಟೆ ಕರುಳಿನ ಒಳಗೆ ಹಾಸಿರೋದೂ ಇದೇ ಜಾತಿಯದು. ಅಲ್ಲಿ ಅನ್ನದ ಸಾರ ಹೀರುತ್ತೆ, ಇಲ್ಲಿ ಕೊಳೆ ಒಳಗೆ ಬಿಡಲ್ಲ. ಗಾಯ ಆದರೆ ಅಂಚಿನ ಕಣಗಳು ನಡುವಿಗೆ ತೆವಳ್ತವೆ. ಎದುರಿನಿಂದ ಬಂದವು ಸಿಕ್ಕಿದ ಮೇಲೇ ನಿಲ್ಲೋದು. ಆಮೇಲೆ ಪದರದ ಮೇಲೆ ಪದರ. ಮೇಲಿನದು ಸತ್ತು ಗಟ್ಟಿಯಾಗಿ ಕೆಳಗಿನದನ್ನ ಕಾಯುತ್ತೆ. ನಿಮ್ಮ ಎಡಗೈಯ ಜಡ್ಡು ಮತ್ತೇನು?'

ಮುಲಾಮು ಹಚ್ಚಿ ಅಂಟದ ಬಟ್ಟೆ ಕಟ್ಟಿದಳು. 'ಇನ್ನು ಇದನ್ನ ಬಿಚ್ಚೋಳು ನಾನು.'

ಮನೆಗೆ ಬಂದ ಕಮ್ಮಾರ, ಬಟ್ಟೆ ಬಿಚ್ಚಲು ಹೋಗದಂತೆ ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಹೆಂಡತಿ ನೆನಪಾದಾಗ ಅತ್ತ. ಬಟ್ಟೆ ಮುಟ್ಟಲಿಲ್ಲ. ನಾಲ್ಕು ದಿನಕ್ಕೊಮ್ಮೆ ನರ್ಸಮ್ಮ ಬಟ್ಟೆ ಬದಲಿಸುವಾಗಲೂ ಮುಖ ಆಚೆ ತಿರುಗಿಸಿದ.

ಐದನೆಯ ಸಲ ಅವಳು, 'ಈಗ ನೋಡಿ' ಎಂದಳು.

ಅಂಗೈ ಅಂಚಿನಿಂದ ಅಂಚಿಗೆ ಮುಚ್ಚಿತ್ತು. ನಸುಗೆಂಪು, ಹೊಚ್ಚ ಹೊಸದು. ನೀರು ಹನಿಸಿದಳು, ಉರಿಯಲಿಲ್ಲ. ಕಮ್ಮಾರ ಮುಷ್ಟಿ ಕಟ್ಟಿದ, ಬಿಡಿಸಿದ, ಮತ್ತೆ ಕಟ್ಟಿದ. ಆಸ್ಪತ್ರೆಯ ಸಾಲಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ.

ಗುರುಗಳು ನಿಲ್ಲಿಸಿದರು.

"ಗೆದ್ದದ್ದು ಚರ್ಮ" ಎಂದ ಶಿಷ್ಯ. "ಅವನೇನು ಮಾಡಿದ ಹಾಗಾಯಿತು?"

"ಚರ್ಮಕ್ಕೆ ಮುಚ್ಚಿಕೊಳ್ಳುವುದಷ್ಟೇ ಬರುತ್ತದಪ್ಪ, ಮರುದಿನ ಬೆಳಿಗ್ಗೆ ಊರು ಏಳುವ ಮೊದಲೇ ಸುತ್ತಿಗೆ ಎತ್ತಿದವನು ಅವನು."